ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ: ಈ ವಾದದ ಹುಳುಕು ಎಲ್ಲಿದೆ?

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಆಟಿಕೆ ಅಂಗಡಿಗಳ ಸಾಲು ಹೊಕ್ಕರೆ ಯಾರೂ ಬೋರ್ಡು ಹಾಕದೆಯೇ ಅಂಗಡಿ ಎರಡು ಭಾಗವಾಗಿರುವುದು ಕಾಣುತ್ತದೆ. ಒಂದು ಕಡೆ ಗುಲಾಬಿ ಬಣ್ಣದ ಅಡುಗೆ ಸೆಟ್ಟು, ಗೊಂಬೆ, ಪುಟ್ಟ ಕನ್ನಡಿ, ಬಾಚಣಿಗೆ. ಇನ್ನೊಂದು ಕಡೆ ನೀಲಿ ಕಾರು, ಹಳದಿ ಜೆಸಿಬಿ, ಕಪ್ಪು ಬಂದೂಕು. ಹುಡುಗಿಯೊಬ್ಬಳು ಜೆಸಿಬಿಗೆ ಕೈ ಚಾಚಿದರೆ ಅಂಗಡಿಯವರೋ ಜೊತೆಗೆ ಬಂದ ಅಜ್ಜಿಯೋ ಹೇಳುವ ಮಾತು ಬಹುತೇಕ ಒಂದೇ: "ಹೆಣ್ ಹುಡುಗಿಗೆ ಅದ್ಯಾಕವ್ವಾ, ಅಡಗಿ ಸೆಟ್ ತಗೋ." ಹುಡುಗ ಗುಲಾಬಿ ಬಣ್ಣದ ಚೆಂಡು ಬೇಕೆಂದರೆ ನಗು ಬೇರೆ.

ಯಾಕೆ ಎಂದು ಕೇಳಿದರೆ ಸಿಗುವ ಉತ್ತರಗಳು ಎರಡು ಬಗೆಯವು. "ಅದು ಹುಟ್ಟುಗುಣ ರೀ, ಹೆಣ್ಮಕ್ಕಳಿಗೆ ಗುಲಾಬಿ ಅಂದ್ರ ಜೀವ" ಎಂಬುದು ಒಂದು. "ಹುಟ್ಟುಗುಣ ಏನೂ ಇಲ್ಲ, ಎಲ್ಲಾ ಕಂಪನಿಯವರು ಕಲಿಸಿದ್ದು" ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವವರು ಸಾಮಾನ್ಯವಾಗಿ ಸ್ವಲ್ಪ ಓದಿಕೊಂಡವರು. ಎರಡಕ್ಕೂ ವಿಜ್ಞಾನದ ಸಾಕ್ಷಿ ಇದೆ ಎಂದು ಸಾಮಾಜಿಕ ಜಾಲತಾಣಗಳಲ್ಲಿ ಸಂದೇಶಗಳು ಓಡಾಡುತ್ತವೆ. ಮಂಗಗಳ ಮೇಲೆ ಪ್ರಯೋಗ ಮಾಡಿದ್ದಾರಂತೆ, ಆದಿಮಾನವರ ಕಾಲದಲ್ಲಿ ಹೆಂಗಸರು ಹಣ್ಣು ಆರಿಸುತ್ತಿದ್ದರಂತೆ, ನೂರು ವರ್ಷದ ಹಿಂದೆ ಗುಲಾಬಿ ಗಂಡು ಮಕ್ಕಳ ಬಣ್ಣವಾಗಿತ್ತಂತೆ.

ಈ ಅಂತೆಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ. ಕೊಪ್ಪಳ ಜಿಲ್ಲೆಯವರಿಗೆ ಇದು ಸ್ವಲ್ಪ ಹೆಚ್ಚು ಹತ್ತಿರದ ವಿಷಯ. ಕಿನ್ನಾಳದ ಮರದ ಗೊಂಬೆಗಳು ಇಲ್ಲಿಯವು. ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಗಿದೆ. ಯಾರ ಕೈಗೆ ಯಾವ ಆಟಿಕೆ ಎಂಬ ಪ್ರಶ್ನೆ ಇಲ್ಲಿ ಜಾತ್ರೆಗೆ ಮುಗಿಯುವುದಿಲ್ಲ, ಕೆಲಸ ಮತ್ತು ಕೂಲಿಯವರೆಗೂ ಹೋಗುತ್ತದೆ. ಅಲ್ಲಿಗೆ ಆಮೇಲೆ ಬರೋಣ.

"ನಮ್ಮ ಹುಡುಗಿ ತಾನಾಗೇ ಆರಿಸಿದ್ಲು"

ಹುಟ್ಟುಗುಣದ ಪರವಾಗಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಸಾಕ್ಷಿ ಇದು. ನಾವು ಏನೂ ಹೇಳಿಕೊಟ್ಟಿಲ್ಲ, ಅಂಗಡಿಗೆ ಹೋದಾಗ ಅವಳೇ ಗುಲಾಬಿ ಫ್ರಾಕು ಹಿಡಿದಳು, ಅಂದಮೇಲೆ ಅದು ಹುಟ್ಟಿನಿಂದ ಬಂದದ್ದು.

ಇಲ್ಲಿ ಎರಡು ಮೆಟ್ಟಿಲು ಹಾರಿ ಹೋಗಿದ್ದಾರೆ. ಅವಳೇ ಆರಿಸಿದಳು ಎಂಬುದು ನಿಜ ಇರಬಹುದು. ಆದರೆ "ಈಗ ಇಷ್ಟ" ಎಂಬುದರಿಂದ "ಹುಟ್ಟಿನಿಂದ ಇಷ್ಟ" ಎಂಬುದು ಬರುವುದಿಲ್ಲ. ನಾಲ್ಕು ವರ್ಷದ ಮಗು ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಬೇಕೇ ಬೇಕು ಎಂದು ಹಟ ಹಿಡಿಯುತ್ತದೆ. ಶೇಂಗಾ ಹಿಂಡಿಯ ಆಸೆ ರಕ್ತದಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಇನ್ನು "ನಾವು ಹೇಳಿಕೊಟ್ಟಿಲ್ಲ" ಎಂಬುದರಿಂದ "ಯಾರೂ ಹೇಳಿಕೊಟ್ಟಿಲ್ಲ" ಎಂಬುದೂ ಬರುವುದಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬಂದ ಉಡುಗೊರೆ, ಓಣಿಯ ಅಕ್ಕಂದಿರ ರಿಬ್ಬನ್ನು, ಮೊಬೈಲಿನ ಕಾರ್ಟೂನು, ಅಂಗನವಾಡಿಯ ಗೋಡೆಯ ಚಿತ್ರ, ಇವೆಲ್ಲ ಅಪ್ಪ ಅಮ್ಮ ಬಾಯಿ ತೆರೆಯುವ ಮೊದಲೇ ಮಾತಾಡಿರುತ್ತವೆ.

ಹುಟ್ಟುಗುಣ ಹೌದೋ ಅಲ್ಲವೋ ಎಂದು ನೋಡುವ ಸರಳ ದಾರಿ ಎಂದರೆ ಇನ್ನೂ ಯಾರೂ ಏನೂ ಕಲಿಸಿರದ ವಯಸ್ಸಿನ ಮಕ್ಕಳನ್ನು ಗಮನಿಸುವುದು. ಬ್ರಿಟನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕೈದು ತಿಂಗಳ ಕೂಸುಗಳ ಕಣ್ಣು ಯಾವ ಬಣ್ಣದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಅಳೆದರು. ಗಂಡು ಹೆಣ್ಣು ಕೂಸುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಜಾದ್ವಾ, ಹೈನ್ಸ್ ಮತ್ತು ಗೊಲಂಬೊಕ್ ಎಂಬ ಸಂಶೋಧಕರು ಒಂದರಿಂದ ಎರಡು ವರ್ಷದ 120 ಮಕ್ಕಳ ಮೇಲೆ ಮಾಡಿದ ಅಧ್ಯಯನವೂ ಬಂತು. ಅಲ್ಲಿ ಗಂಡು ಮಕ್ಕಳೂ ಹೆಣ್ಣು ಮಕ್ಕಳೂ ನೀಲಿಗಿಂತ ಕೆಂಪು ಛಾಯೆಯ ಬಣ್ಣಗಳನ್ನೇ ಹೆಚ್ಚು ನೋಡಿದರು.

ವ್ಯತ್ಯಾಸ ಶುರುವಾಗುವುದು ಯಾವಾಗ? ಅಮೆರಿಕದ ಲೊಬ್ಯೂ ಮತ್ತು ಡಿಲೋಚ್ ಇದಕ್ಕೊಂದು ಉತ್ತರ ಕೊಟ್ಟರು. ಏಳು ತಿಂಗಳಿಂದ ಐದು ವರ್ಷದ ತನಕದ ಮಕ್ಕಳ ಮುಂದೆ ಒಂದೇ ಥರದ ಎರಡು ವಸ್ತು ಇಟ್ಟರು, ಒಂದು ಗುಲಾಬಿ, ಇನ್ನೊಂದು ಬೇರೆ ಬಣ್ಣ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೆಣ್ಣು ಮಕ್ಕಳು ಗುಲಾಬಿಯತ್ತ ವಾಲುವುದು ಎರಡು, ಎರಡೂವರೆ ವರ್ಷದ ಹೊತ್ತಿಗೆ. ಗಂಡು ಮಕ್ಕಳು ಬೆಳೆದಂತೆಲ್ಲ ಗುಲಾಬಿಯನ್ನು ಹೆಚ್ಚು ಹೆಚ್ಚು ದೂರ ತಳ್ಳಿದರು. "ನಾನು ಹುಡುಗ", "ನಾನು ಹುಡುಗಿ" ಎಂಬ ಮಾತು ಮಕ್ಕಳಿಗೆ ತಿಳಿಯತೊಡಗುವ ವಯಸ್ಸೂ ಅದೇ.

ಎರಡೂ ಒಂದೇ ವಯಸ್ಸಿಗೆ ಬಂದವು ಎಂದಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಲೂ ಬರುವುದಿಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಕಟ್ಟಿದಂತಾಗುತ್ತದೆ. ಹುಡುಗರಿಗೆ ಮೀಸೆ ಬರುವುದು ಹೈಸ್ಕೂಲಿನಲ್ಲಿ, ಹಾಗೆಂದು ಮೀಸೆಯನ್ನು ಹೈಸ್ಕೂಲು ಕೊಟ್ಟಿಲ್ಲ! ತಡವಾಗಿ ಬಂದದ್ದೆಲ್ಲ ಕಲಿತದ್ದು ಎಂಬ ಕಂಪನಿ ಪಕ್ಷದವರ ವಾದವೂ ಅಷ್ಟಕ್ಕೇ ನಿಂತರೆ ಕುಂಟುತ್ತದೆ. ಅದಕ್ಕೆ ಪ್ರಯೋಗ ಬೇಕು. ಹಾಂಗ್‌ಕಾಂಗ್‌ನ ಸಂಶೋಧಕರು ಅಂಥದ್ದೊಂದನ್ನು ಮಾಡಿದರು. ಯಾರ ಪಾಲಿಗೂ ಸೇರದ ಹಳದಿ ಮತ್ತು ಹಸಿರು ಬಣ್ಣಗಳನ್ನು ತೆಗೆದುಕೊಂಡು, ಅಂಗನವಾಡಿ ವಯಸ್ಸಿನ ಕೆಲವು ಮಕ್ಕಳಿಗೆ ಒಂದು ಹುಡುಗಿಯರ ಬಣ್ಣ, ಇನ್ನೊಂದು ಹುಡುಗರ ಬಣ್ಣ ಎಂದು ಹೇಳಿದರು. ಹೇಳಿಸಿಕೊಂಡ ಮಕ್ಕಳಲ್ಲಿ ಹುಡುಗರ ಆಯ್ಕೆ ಒಂದು ಕಡೆ, ಹುಡುಗಿಯರ ಆಯ್ಕೆ ಇನ್ನೊಂದು ಕಡೆ ಹೋಯಿತು. ಹೇಳಿಸಿಕೊಳ್ಳದ ಮಕ್ಕಳಲ್ಲಿ ಆ ಭೇದ ಇರಲಿಲ್ಲ. ಇಷ್ಟು ಸಾಕ್ಷಿ ಇದ್ದರೆ ಬಣ್ಣದ ಮಟ್ಟಿಗೆ ಹೆಸರಿಡುವುದರಿಂದಲೇ ಇಷ್ಟ ಹುಟ್ಟಬಹುದು ಎಂದು ಧೈರ್ಯವಾಗಿ ಹೇಳಬಹುದು.

ಅಂಗಡಿಯವರ ವಾದ ಬೇರೆ. "ಹುಡುಗಿಯರು ಗುಲಾಬಿನೇ ಕೇಳ್ತಾರ, ಅದಕ್ಕ ತರ್ತೀವಿ." ಹುಡುಗಿಯರು ಗುಲಾಬಿ ಯಾಕೆ ಕೇಳುತ್ತಾರೆ? ಅವರ ಪಾಲಿನ ಸಾಲಿನಲ್ಲಿ ಇರುವುದೇ ಗುಲಾಬಿ. ಸಾಲಿನಲ್ಲಿ ಅದೇ ಯಾಕಿದೆ? ಅವರು ಅದನ್ನೇ ಕೇಳುತ್ತಾರೆ. ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಒಂದರ ಹೆಗಲ ಮೇಲೆ ಇನ್ನೊಂದು, ನೆಲದ ಮೇಲೆ ಯಾವುದೂ ಇಲ್ಲ. ವ್ಯಾಪಾರ ಮಾಡುವವರಿಗೆ ಇಷ್ಟು ಸಾಕು, ಅವರನ್ನು ದೂರುವುದಕ್ಕೆ ಕಾರಣವಿಲ್ಲ. ಆದರೆ ಮಾರಾಟದ ಲೆಕ್ಕ ಹುಟ್ಟುಗುಣಕ್ಕೆ ಸಾಕ್ಷಿಯಾಗುವುದಿಲ್ಲ.

ಹಣ್ಣು ಆರಿಸಿದ ಕತೆ

2007ರಲ್ಲಿ ಬ್ರಿಟನ್ನಿನ ಹರ್ಲ್‌ಬರ್ಟ್ ಮತ್ತು ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದ ಚಿಕ್ಕ ಲೇಖನವೊಂದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. "ಹುಡುಗಿಯರಿಗೆ ಗುಲಾಬಿ ಇಷ್ಟ ಯಾಕೆಂದು ವಿಜ್ಞಾನ ಕಂಡುಹಿಡಿದಿದೆ" ಎಂಬ ಧಾಟಿಯ ತಲೆಬರಹಗಳು ಬಂದವು. ನಿಜವಾಗಿ ಅವರು ನೋಡಿದ್ದು 208 ಮಂದಿ ಯುವಕ ಯುವತಿಯರನ್ನು, ಮಕ್ಕಳನ್ನಲ್ಲ. ಹೆಚ್ಚಿನವರು ಬ್ರಿಟಿಷರು, 37 ಮಂದಿ ಚೀನೀಯರು. ಕಂಪ್ಯೂಟರ್ ಪರದೆಯ ಮೇಲೆ ಎರಡೆರಡು ಬಣ್ಣ ತೋರಿಸಿ ಯಾವುದು ಇಷ್ಟ ಎಂದು ಕೇಳಿದರು. ಗಂಡಸರಿಗೂ ಹೆಂಗಸರಿಗೂ ನೀಲಿ ಕಡೆಯ ಬಣ್ಣಗಳೇ ಹಿಡಿಸಿದವು. ಹೆಂಗಸರ ಇಷ್ಟ ಅಲ್ಲಿಂದ ಸ್ವಲ್ಪ ಕೆಂಪಿನ ಕಡೆಗೆ ಸರಿದಿತ್ತು, ಅಷ್ಟೆ. ಜಾತ್ರೆಯ ಗುಲಾಬಿಗೂ ಇದಕ್ಕೂ ಬಹಳ ದೂರ.

ಸುದ್ದಿಯಾದದ್ದು ಅಳತೆಯಲ್ಲ, ಕೊನೆಗೆ ಸೇರಿಸಿದ ಊಹೆ. ಹಿಂದೆ ಹೆಂಗಸರು ಹಸಿರೆಲೆಗಳ ನಡುವೆ ಕೆಂಪು ಹಣ್ಣು ಹುಡುಕುತ್ತಿದ್ದರು, ಅದರಿಂದ ಕೆಂಪಿನ ಕಡೆ ಒಲವು ಬಂದಿರಬಹುದು ಎಂದು ಲೇಖಕರು ಬರೆದಿದ್ದರು. "ಇರಬಹುದು" ಎಂಬುದು ಸುದ್ದಿಮನೆಯ ದಾರಿಯಲ್ಲೇ ಉದುರಿಹೋಯಿತು.

ಇಂಥ ಊಹೆಗಳ ತೊಂದರೆ ಏನೆಂದರೆ ಫಲಿತಾಂಶ ತಿಳಿದ ಮೇಲೆ ಯಾವುದಕ್ಕೆ ಬೇಕಾದರೂ ಕತೆ ಕಟ್ಟಬಹುದು. ಯಲಬುರ್ಗಾ ಕಡೆಯ ಹೊಲದ ಬದುವಿನಲ್ಲಿ ಬಾರೆಹಣ್ಣು ಸಿಗುತ್ತದೆ, ಹಣ್ಣಾದರೆ ಕಂದು. ನೇರಳೆ ಹಣ್ಣು ಕಡುನೀಲಿ, ಹುಣಸೆ ಮಣ್ಣಿನ ಬಣ್ಣ. ಹೆಂಗಸರಿಗೆ ನೀಲಿ ಹೆಚ್ಚು ಇಷ್ಟ ಎಂದು ಬಂದಿದ್ದರೆ ನೇರಳೆಯ ಕತೆ ಕೈಯಲ್ಲಿ ಸಿದ್ಧವಿರುತ್ತಿತ್ತು. ಗಂಡಸರಿಗೆ ಕೆಂಪು ಇಷ್ಟ ಎಂದು ಬಂದಿದ್ದರೆ? ಬೇಟೆಯ ರಕ್ತ. ಏನೇ ಬಂದರೂ ಹೊಂದುವ ವಿವರಣೆ ಏನನ್ನೂ ವಿವರಿಸುವುದಿಲ್ಲ. ಒಳ್ಳೆಯ ಊಹೆ ತಾನು ಸೋಲುವ ಜಾಗವನ್ನು ಮೊದಲೇ ತೋರಿಸಬೇಕು.

ಈ ಊಹೆ ಸೋಲಬಹುದಾದ ಜಾಗಗಳು ಎರಡಿದ್ದವು. ಒಂದು, ಎಳೆಗೂಸುಗಳಲ್ಲೂ ಭೇದ ಕಾಣಬೇಕು. ಮೇಲೆ ಹೇಳಿದ ನಾಲ್ಕೈದು ತಿಂಗಳ ಕೂಸುಗಳ ಅಧ್ಯಯನದಲ್ಲಿ ಇದೇ ಹರ್ಲ್‌ಬರ್ಟ್ ಮತ್ತು ಲಿಂಗ್ ಕೂಡ ಇದ್ದರು. ತಮ್ಮ ಊಹೆಯನ್ನು ತಾವೇ ಪರೀಕ್ಷೆಗೆ ಒಡ್ಡಿದ್ದನ್ನು ಮೆಚ್ಚಬೇಕು. ಕೂಸುಗಳಲ್ಲಿ ಭೇದ ಸಿಗಲಿಲ್ಲ. ಇನ್ನೊಂದು, ಹುಟ್ಟುಗುಣವಾದರೆ ಟಿವಿ, ಅಂಗಡಿ ಇಲ್ಲದ ಕಡೆಯೂ ಅದು ಇರಬೇಕು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಪೆರು ದೇಶದ ಅಮೆಜಾನ್ ಕಾಡಿನ ಶಿಪಿಬೊ ಹಳ್ಳಿಗಳು, ವನವಾಟು ದೇಶದ ಟನ್ನಾ ದ್ವೀಪದ ಬೆಟ್ಟದ ಹಳ್ಳಿಗಳು ಮತ್ತು ಕಾಂಗೊ ಗಣರಾಜ್ಯದ ಬಯಾಕಾ ಜನರ ಮಕ್ಕಳನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಮಕ್ಕಳ ಜೊತೆ ಹೋಲಿಸಿತು. ಗುಲಾಬಿಯ ವಿಷಯದಲ್ಲಿ ಹುಡುಗ ಹುಡುಗಿಯರ ನಡುವೆ ಭೇದ ಕಂಡದ್ದು ನಗರದಲ್ಲಿ ಮಾತ್ರ. ಬಯಾಕಾ ಜನ ಇಂದಿಗೂ ಕಾಡಿನಲ್ಲಿ ಆಹಾರ ಹುಡುಕಿ ಬದುಕುವವರು ಎಂಬುದನ್ನು ನೆನಪಿಡಿ. ಹಣ್ಣಿನ ಕತೆ ಎಲ್ಲಾದರೂ ನಿಜವಾಗಬೇಕಿದ್ದರೆ ಅಲ್ಲಿ.

ನೂರು ವರ್ಷದ ಹಿಂದಿನ ಗುಲಾಬಿ

ಈಗ ಇನ್ನೊಂದು ಪಕ್ಷದವರ ನೆಚ್ಚಿನ ಸಾಕ್ಷಿಗೆ ಬರೋಣ. "ಹಿಂದೆ ಗುಲಾಬಿ ಗಂಡು ಮಕ್ಕಳ ಬಣ್ಣವಾಗಿತ್ತು, ಎರಡನೇ ಮಹಾಯುದ್ಧದ ಸುಮಾರಿಗೆ ತಿರುಗುಮುರುಗು ಆಯಿತು." ಇದಕ್ಕೆ ಆಧಾರವಾಗಿ ಕೊಡುವುದು ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರದ ಪತ್ರಿಕೆಯೊಂದರ 1918ರ ಬರಹ. ಗುಲಾಬಿ ಗಟ್ಟಿ ಬಣ್ಣ, ಆದ್ದರಿಂದ ಹುಡುಗರಿಗೆ; ನೀಲಿ ನಾಜೂಕು, ಆದ್ದರಿಂದ ಹುಡುಗಿಯರಿಗೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಬರಹ ಇದ್ದದ್ದು ನಿಜ. ಆದರೆ ಒಂದು ಪತ್ರಿಕೆಯ ಒಂದು ಮಾತಿನಿಂದ ಇಡೀ ದೇಶದ ರೂಢಿಗೆ ಜಿಗಿಯುವುದು ಒಂದು ಅಗುಳು ಹಿಸುಕಿ ಇಡೀ ಊರಿನ ಅನ್ನ ಬೆಂದಿದೆ ಎಂದಂತೆ. ಟೈಮ್ ಪತ್ರಿಕೆ 1927ರಲ್ಲಿ ಅಮೆರಿಕದ ದೊಡ್ಡ ಅಂಗಡಿಗಳು ಏನು ಹೇಳುತ್ತವೆ ಎಂದು ಪಟ್ಟಿ ಕೊಟ್ಟಿತ್ತು. ಕೆಲವರು ಗುಲಾಬಿ ಹುಡುಗರಿಗೆ ಎಂದರು, ಕೆಲವರು ಹುಡುಗಿಯರಿಗೆ ಎಂದರು. ಮಾರ್ಕೊ ದೆಲ್ ಜುದಿಚೆ ಎಂಬ ಸಂಶೋಧಕ ಲಕ್ಷಾಂತರ ಹಳೆಯ ಪುಸ್ತಕಗಳಲ್ಲಿ ಹುಡುಕಿ, ಪೂರ್ತಿ ತಿರುಗುಮುರುಗು ಆಯಿತೆಂಬ ಮಾತಿಗೆ ಆಧಾರವಿಲ್ಲ ಎಂದು 2012ರಲ್ಲಿ ತೋರಿಸಿದರು.

ನಮಗೆ ತೋಚುವುದು ಇಷ್ಟು: ಆಗ ಒಮ್ಮತ ಇರಲಿಲ್ಲ. ಹುಟ್ಟುಗುಣದ ವಾದಕ್ಕೆ ಇಷ್ಟೇ ಸಾಕಷ್ಟು ತೊಡಕು. ಅದನ್ನು ಪೂರ್ತಿ ಉಲ್ಟಾ ಇತ್ತು ಎಂದು ಉಬ್ಬಿಸುವ ಅಗತ್ಯವೇ ಇಲ್ಲ. ಒಳ್ಳೆಯ ಪಕ್ಷಕ್ಕೆ ಕೆಟ್ಟ ಸಾಕ್ಷಿ ತಂದರೆ ಎದುರಾಳಿಗೆ ಕೆಲಸ ಸುಲಭ.

ಅಮೆರಿಕದ ಅಂಗಡಿಗಳವರೆಗೆ ಹೋಗುವ ಬದಲು ನಮ್ಮ ಊರಲ್ಲೇ ನೋಡಬಹುದಿತ್ತು. ಗಣೇಶನ ವಿಸರ್ಜನೆ, ಚುನಾವಣೆಯ ಗೆಲುವು, ಜಾತ್ರೆಯ ಮೆರವಣಿಗೆ, ಎಲ್ಲಿ ನೋಡಿದರೂ ತಲೆಯಿಂದ ಕಾಲಿನವರೆಗೆ ಗುಲಾಲಿನ ಗುಲಾಬಿ ಮೆತ್ತಿಕೊಂಡು ಕುಣಿಯುವವರು ಹುಡುಗರೇ. ಮದುವೆಯಲ್ಲಿ ಗುಲಾಬಿ ರುಮಾಲು ಸುತ್ತಿದ ಬೀಗರನ್ನು ಕಂಡು ಯಾರೂ ನಗುವುದಿಲ್ಲ. ಕುಷ್ಟಗಿಯ ಪಕ್ಕದ ಇಳಕಲ್ಲಿನಲ್ಲೂ ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದಂಥ ನೇಕಾರರ ಊರುಗಳಲ್ಲೂ ನೇಯುವ ಸೀರೆಗಳಲ್ಲಿ ಕಡುನೀಲಿ ಒಡಲು, ಕೆಂಪು ಸೆರಗು ಹಳೆಯ ರೂಢಿ. ಅಜ್ಜಿಯರ ಪೆಟ್ಟಿಗೆಯಲ್ಲಿ ಕರಿ ಚಂದ್ರಕಾಳಿ ಇರುತ್ತದೆ. ನೀಲಿ ಗಂಡಸರ ಬಣ್ಣ ಎಂದು ಆ ಅಜ್ಜಿಯರಿಗೆ ಹೇಳಿದರೆ ಅವರು ನಮ್ಮನ್ನೇ ವಿಚಿತ್ರವಾಗಿ ನೋಡಿಯಾರು. ಬಸುರಿಗೆ ಕುಬುಸ ಮಾಡುವಾಗ ಹಸಿರು ಸೀರೆ, ಹಸಿರು ಬಳೆ. ಅದೇ ಹಸಿರು ರೈತ ಸಂಘದ ಗಂಡಸರ ಹೆಗಲ ಮೇಲಿನ ಶಾಲು. ಬಣ್ಣಗಳಿಗೆ ಇಲ್ಲಿ ಅರ್ಥ ಇತ್ತು, ಬೇಕಾದಷ್ಟಿತ್ತು. ಆ ಅರ್ಥ ಬಂದದ್ದು ಹಬ್ಬದಿಂದ, ಸಂದರ್ಭದಿಂದ.

ಕಿನ್ನಾಳದ ಗೊಂಬೆಗಳೂ ಇದನ್ನೇ ಹೇಳುತ್ತವೆ. ಹಗುರ ಮರ ಕೆತ್ತಿ, ಭಾಗಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟಿನ ಮಿಶ್ರಣ ಬಳಿದು, ಮೇಲೆ ಢಾಳಾದ ಬಣ್ಣ ಹಚ್ಚುವ ಕಲೆ ಅದು. ಭೌಗೋಳಿಕ ಸೂಚಕ ಮಾನ್ಯತೆಯೂ ಅದಕ್ಕಿದೆ. ಗರುಡ, ಗೌರಿ, ಆನೆ, ಕುದುರೆ, ಹಣ್ಣು ತರಕಾರಿ. ಯಾವುದಕ್ಕೆ ಯಾವ ಬಣ್ಣ ಎಂಬುದನ್ನು ಚಿತ್ರಗಾರರ ಮನೆಯ ಪರಂಪರೆ ಹೇಳುತ್ತದೆ. ಕೊಳ್ಳುವ ಮಗು ಗಂಡೋ ಹೆಣ್ಣೋ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದಿಲ್ಲ.

ಹಾಗೆಂದು "ನಮ್ಮ ಹಿಂದಿನವರಲ್ಲಿ ಆಟಿಕೆಯಲ್ಲಿ ಗಂಡು ಹೆಣ್ಣು ಭೇದವೇ ಇರಲಿಲ್ಲ" ಎನ್ನುವುದೂ ಸುಳ್ಳು. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಎತ್ತು ಹಿಡಿದು ಓಣಿ ಸುತ್ತುವವರು ಹುಡುಗರು. ಮುಂದೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಆಡುವವರು ಹುಡುಗಿಯರು. ಎರಡೂ ಒಂದೇ ಕೆರೆಯ ಮಣ್ಣು, ಒಂದೇ ಬಣ್ಣ. ಭೇದ ಇತ್ತು, ಗುಲಾಬಿ ನೀಲಿಯ ರೂಪದಲ್ಲಿ ಇರಲಿಲ್ಲ.

ಮಂಗನ ಕೈಯಲ್ಲಿ ಪಾತ್ರೆ

ಬಣ್ಣದ ವಿಷಯ ಇಷ್ಟಾಯಿತು. ಆಟಿಕೆಯ ವಿಷಯ ಅಷ್ಟು ಸಲೀಸಲ್ಲ, ಅದನ್ನು ಬಣ್ಣದ ಜೊತೆ ಕಲಸಬಾರದು. ಮೇಲಿನ 120 ಮಕ್ಕಳ ಅಧ್ಯಯನದಲ್ಲಿ ಬಣ್ಣದಲ್ಲಿ ಭೇದ ಕಾಣಲಿಲ್ಲ ಎಂದೆವು. ಅದೇ ಮಕ್ಕಳಲ್ಲಿ ಆಟಿಕೆಯ ಭೇದ ಕಂಡಿತ್ತು: ಸರಾಸರಿಯಲ್ಲಿ ಹುಡುಗಿಯರು ಗೊಂಬೆಯನ್ನು, ಹುಡುಗರು ಕಾರನ್ನು ಹೆಚ್ಚು ನೋಡಿದರು. ಒಂದು ವರ್ಷದ ಹುಡುಗರು ಮಾತ್ರ ಹುಡುಗಿಯರಂತೆ ಗೊಂಬೆಯನ್ನೇ ಹೆಚ್ಚು ನೋಡುತ್ತಿದ್ದರು ಎಂಬುದನ್ನೂ ಹೇಳಬೇಕು. ಗೊಂಬೆಯಿಂದ ಮುಖ ತಿರುಗಿಸಿದ್ದು ಆಮೇಲೆ.

ಇಲ್ಲಿ ಮಂಗಗಳು ಬರುತ್ತವೆ. 2002ರಲ್ಲಿ ಅಲೆಕ್ಸಾಂಡರ್ ಮತ್ತು ಹೈನ್ಸ್ ಎಂಬ ಸಂಶೋಧಕರು 88 ವೆರ್ವೆಟ್ ಮಂಗಗಳ ಮುಂದೆ ಆರು ಆಟಿಕೆ ಇಟ್ಟರು. ಚೆಂಡು ಮತ್ತು ಪೊಲೀಸ್ ಕಾರು ಗಂಡು ಆಟಿಕೆ. ಗೊಂಬೆ ಮತ್ತು ಅಡುಗೆ ಪಾತ್ರೆ ಹೆಣ್ಣು ಆಟಿಕೆ. ಚಿತ್ರಪುಸ್ತಕ ಮತ್ತು ಬಟ್ಟೆಯ ನಾಯಿ ಇಬ್ಬರಿಗೂ. ಹೆಣ್ಣು ಮಂಗಗಳು ಗೊಂಬೆ, ಪಾತ್ರೆಗಳ ಜೊತೆ ಗಂಡುಗಳಿಗಿಂತ ಹೆಚ್ಚು ಪಾಲು ಸಮಯ ಕಳೆದವು. ಮಂಗಗಳಿಗೆ ಜಾಹೀರಾತು ಇಲ್ಲ, ಅಜ್ಜಿ ಇಲ್ಲ, ಆದ್ದರಿಂದ ಇದು ಹುಟ್ಟುಗುಣ!

ಆದರೆ ಒಂದು ನಿಮಿಷ. ಮಂಗ ಅಡುಗೆ ಮಾಡುವುದಿಲ್ಲ. ಆನೆಗೊಂದಿಯ ಅಂಜನಾದ್ರಿ ಬೆಟ್ಟ ಹತ್ತಿದವರಿಗೆ ಗೊತ್ತು, ಅಲ್ಲಿನ ಮಂಗಗಳು ಕೈಚೀಲ ಕಸಿಯುತ್ತವೆ, ಒಲೆ ಹೂಡುವುದಿಲ್ಲ. ಪಾತ್ರೆ ಎಂದರೆ ಅಡುಗೆ, ಅಡುಗೆ ಎಂದರೆ ಹೆಣ್ಣು ಎಂಬ ಅರ್ಥ ಮಂಗನ ತಲೆಯಲ್ಲಿ ಇರಲು ಸಾಧ್ಯವೇ ಇಲ್ಲ. ಹೆಣ್ಣು ಮಂಗ ಪಾತ್ರೆ ಹಿಡಿದದ್ದು ನಿಜವಾದರೆ ಅದಕ್ಕೆ ಬೇರೇನೋ ಕಾರಣ ಇರಬೇಕು: ಕೆಂಪು ಬಣ್ಣ, ಆಕಾರ, ಹೊಳಪು. ಅಂದರೆ ಈ ಪ್ರಯೋಗ ಏನನ್ನಾದರೂ ತೋರಿಸಿದರೂ "ಹೆಣ್ಣಿಗೆ ಅಡುಗೆ ಹುಟ್ಟುಗುಣ" ಎಂಬುದನ್ನಂತೂ ತೋರಿಸುವುದಿಲ್ಲ. ವಸ್ತುವಿಗೆ ನಾವಿಟ್ಟ ಹೆಸರನ್ನು ಮಂಗನ ಮನಸ್ಸಿಗೆ ಅಂಟಿಸುವುದು ಇಲ್ಲಿನ ದೋಷ. 2008ರಲ್ಲಿ ರೀಸಸ್ ಮಂಗಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಗಂಡುಗಳು ಗಾಲಿ ಇರುವ ಆಟಿಕೆಯತ್ತ ವಾಲಿದವು, ಹೆಣ್ಣುಗಳಿಗೆ ಗಾಲಿಯೂ ಮೆತ್ತನೆಯ ಗೊಂಬೆಯೂ ಹೆಚ್ಚುಕಡಿಮೆ ಸಮ. "ಹೆಣ್ಣು ಮಂಗಗಳಿಗೂ ಕಾರು ಇಷ್ಟ" ಎಂಬ ತಲೆಬರಹವನ್ನು ಮಾತ್ರ ನಾವು ಎಲ್ಲೂ ನೋಡಿಲ್ಲ.

ಮಂಗಗಳಿಗಿಂತ ಗಟ್ಟಿಯಾದ ಸಾಕ್ಷಿ ಮನುಷ್ಯರಲ್ಲೇ ಇದೆ. ಹುಟ್ಟಿನಿಂದ ಬರುವ ಅಡ್ರಿನಲ್ ಗ್ರಂಥಿಯ ತೊಂದರೆಯೊಂದರಲ್ಲಿ ಹೆಣ್ಣು ಮಗು ಗರ್ಭದಲ್ಲಿದ್ದಾಗಲೇ ಆಂಡ್ರೊಜೆನ್ ಎಂಬ ಹಾರ್ಮೋನುಗಳು ಮಾಮೂಲಿಗಿಂತ ಹೆಚ್ಚಾಗಿರುತ್ತವೆ. ಇಂಥ ಹುಡುಗಿಯರು ಸರಾಸರಿಯಲ್ಲಿ ಕಾರು, ಕಟ್ಟುವ ಆಟಿಕೆಗಳ ಜೊತೆ ಹೆಚ್ಚು ಆಡುತ್ತಾರೆ ಎಂದು 1992ರಿಂದೀಚೆಗೆ ಹಲವು ಅಧ್ಯಯನಗಳು ಕಂಡಿವೆ. ತಂದೆತಾಯಿ ಹಾಗೆ ಬೆಳೆಸಿದ್ದರಿಂದಲೇ ಎನ್ನಲಾಗದು. ಒಂದು ಅಧ್ಯಯನದಲ್ಲಿ ಆ ತಂದೆತಾಯಿಯರು ಹುಡುಗಿಯರ ಆಟಿಕೆಗಳನ್ನೇ ಹೆಚ್ಚು ಪ್ರೋತ್ಸಾಹಿಸುತ್ತಿದ್ದುದು ಕಂಡುಬಂತು. ಆದ್ದರಿಂದ "ಎಲ್ಲಾ ಕಂಪನಿಯವರು ಕಲಿಸಿದ್ದು" ಎಂಬುದು ಆಟಿಕೆಯ ವಿಷಯದಲ್ಲಿ ನಿಲ್ಲುವುದಿಲ್ಲ. ಹಾರ್ಮೋನಿನ ಪಾಲು ಇದೆ.

ಕಲಿಸುವವರ ಪಾಲೂ ಇದೆ. 1976ರಲ್ಲಿ ಕಾಂಡ್ರಿ ದಂಪತಿ ಒಂಬತ್ತು ತಿಂಗಳ ಮಗುವಿನ ವಿಡಿಯೋ ತೋರಿಸಿದರು. ಡಬ್ಬಿಯಿಂದ ಥಟ್ಟನೆ ಗೊಂಬೆ ಚಿಮ್ಮಿದಾಗ ಮಗು ಅಳುತ್ತದೆ. ಗಂಡು ಮಗು ಎಂದು ಹೇಳಿಸಿಕೊಂಡವರು ಅದಕ್ಕೆ ಸಿಟ್ಟು ಬಂದಿದೆ ಎಂದರು, ಹೆಣ್ಣು ಎಂದು ಹೇಳಿಸಿಕೊಂಡವರು ಹೆದರಿದೆ ಎಂದರು. ಮಗು ಒಂದೇ, ಅಳುವೂ ಒಂದೇ. ಎರಡು ವರ್ಷದ ನಂತರ ಇನ್ನೊಂದು ಅಧ್ಯಯನದಲ್ಲಿ ಆರು ತಿಂಗಳ ಮಕ್ಕಳಿಗೆ ಹುಡುಗನ ಅಥವಾ ಹುಡುಗಿಯ ಬಟ್ಟೆ ತೊಡಿಸಿ 32 ತಾಯಂದಿರ ಕೈಗೆ ಕೊಟ್ಟರು. ಬಟ್ಟೆ ನೋಡಿ ತಾಯಂದಿರು ಮೊದಲು ಕೊಟ್ಟ ಆಟಿಕೆ ಬದಲಾಯಿತು: ಹುಡುಗನೆಂದರೆ ಸುತ್ತಿಗೆ, ಹುಡುಗಿಯೆಂದರೆ ಗೊಂಬೆ.

ಎರಡೂ ಪಾಲು ಇದ್ದಾಗ "ಹುಟ್ಟುಗುಣವೋ ಕಲಿಕೆಯೋ, ಒಂದು ಹೇಳಿ" ಎಂಬ ಪ್ರಶ್ನೆಯೇ ತಪ್ಪು. ಗಂಗಾವತಿಯ ಭತ್ತ ಬೆಳೆದದ್ದು ಬೀಜದಿಂದಲೋ ತುಂಗಭದ್ರೆಯ ನೀರಿನಿಂದಲೋ ಎಂದು ಕೇಳಿದ ಹಾಗೆ.

ಇನ್ನು ಸರಾಸರಿ. "ಸರಾಸರಿಯಲ್ಲಿ ಹುಡುಗರು ಕಾರಿನತ್ತ ವಾಲುತ್ತಾರೆ" ಎಂಬ ವಾಕ್ಯದಿಂದ "ನಿಮ್ಮ ಮಗಳಿಗೆ ಜೆಸಿಬಿ ಬೇಡ" ಎಂಬುದು ಹೊರಡುವುದಿಲ್ಲ. ಸರಾಸರಿಯಲ್ಲಿ ಗಂಡಸರು ಹೆಂಗಸರಿಗಿಂತ ಎತ್ತರ. ಎತ್ತರದ ವ್ಯತ್ಯಾಸ ಪೂರ್ತಿ ಹುಟ್ಟಿನದೇ ಎಂದು ಒಪ್ಪಿದರೂ ನಮ್ಮೆಲ್ಲರ ಓಣಿಯಲ್ಲೂ ಗಂಡನಿಗಿಂತ ಎತ್ತರದ ಹೆಂಡತಿ ಒಬ್ಬರಾದರೂ ಇರುತ್ತಾರೆ. ಅವರಿಗೆ ಚಿಕ್ಕ ಅಳತೆಯ ಕುಬುಸ ಕೊಟ್ಟು "ಹೆಂಗಸರ ಸರಾಸರಿ ಇಷ್ಟೇ ರೀ" ಎಂದರೆ ಹೊಲಿಯುವವರ ಗಿರಾಕಿ ಹೋಗುತ್ತದೆ. ಎದುರಿಗೆ ಮಗುವೇ ನಿಂತು ಇದು ಬೇಕು ಎಂದು ಕೈ ತೋರಿಸುತ್ತಿರುವಾಗ ಸರಾಸರಿ ಯಾಕೆ ಬೇಕು?

ಬೆರಳು ನಾಜೂಕು ಎಂಬ ಮಾತು

ಆಟಿಕೆಯ ಜಗಳ ಆಟಿಕೆಗೇ ಮುಗಿದಿದ್ದರೆ ನಾವು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಇದೇ ವಾದ ದೊಡ್ಡದಾಗಿ ಬೆಳೆದು ಹೊಲಕ್ಕೆ ಬರುತ್ತದೆ.

ಕೊಪ್ಪಳ, ಕುಷ್ಟಗಿ ಕಡೆಯ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಎಂಬ ಕೆಲಸ ಇದೆ. ಹತ್ತಿಯಲ್ಲಾದರೆ ಹಿಂದಿನ ದಿನ ಮೊಗ್ಗು ಬಿಡಿಸಿ ಗಂಡು ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಒಂದೊಂದು ಹೂವಿಗೂ ಕೈ ಬೇಕು. ಈ ಕೆಲಸಕ್ಕೆ ಹೆಂಗಸರನ್ನೂ ಹುಡುಗಿಯರನ್ನೂ ಕರೆಯುವಾಗ ಕೊಡುವ ಕಾರಣ: "ಹೆಣ್ಮಕ್ಕಳ ಬೆರಳು ನಾಜೂಕು, ತಾಳ್ಮೆ ಹುಟ್ಟಿನಿಂದಲೇ ಇರ್ತೈತಿ." ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯರೂ ಈ ಕಾರಣದಿಂದಲೇ ಹೂವಿನ ಸಾಲಿಗೆ ಬಂದಿದ್ದಾರೆ.

ಈ ಕಾರಣವನ್ನು ಪರೀಕ್ಷಿಸುವುದು ಕಷ್ಟವಲ್ಲ. ನಾಜೂಕು ಬೆರಳು ಹೆಣ್ಣಿನ ಹುಟ್ಟುಗುಣವಾದರೆ ನಾಜೂಕು ಕೆಲಸಗಳೆಲ್ಲ ಹೆಂಗಸರ ಕೈಯಲ್ಲಿರಬೇಕು. ಮೂಗುಬೊಟ್ಟಿಗೆ ಹರಳು ಕೂರಿಸುವ ಪತ್ತಾರರು ಯಾರು? ಬಹುಪಾಲು ಗಂಡಸರು. ಪೇಟೆಯಲ್ಲಿ ಜಂಪರು ಹೊಲಿಯುವ ಟೇಲರು? ಅಲ್ಲೂ ಗಂಡಸರು ಬೇಕಾದಷ್ಟು. ಕಿನ್ನಾಳದಲ್ಲಿ ಗರುಡನ ಕಣ್ಣಿಗೆ ಎಳೆಗೂದಲಿನಷ್ಟು ಸಣ್ಣ ಗೆರೆ ಎಳೆಯುವ ಗಂಡಸರ ಬೆರಳು ಒರಟಾಗಿದ್ದರೆ ಆ ಗೊಂಬೆಗೆ ಮುಖವೇ ಇರುತ್ತಿರಲಿಲ್ಲ. ನಾಜೂಕಿನ ಕೆಲಸಕ್ಕೆ ಹೆಸರು, ಹಣ ಬಂದ ಕಡೆ ಬೆರಳಿನ ಮಾತು ಕಾಣೆಯಾಗುತ್ತದೆ. ಕೂಲಿ ಕಡಿಮೆ ಇರುವ ಕಡೆ ಮತ್ತೆ ಕೇಳುತ್ತದೆ.

ಗಂಗಾವತಿ ಕಡೆಯ ಭತ್ತದ ನಾಟಿಗೂ ಹೀಗೇ ಹೇಳುತ್ತಾರೆ. ಹೆಂಗಸರ ಸೊಂಟ ಬಾಗುತ್ತದೆ, ಗಂಡಸರಿಂದ ಆಗದು. ತೆಲಂಗಾಣದಲ್ಲಿ ಬಿಹಾರ, ಬಂಗಾಳದಿಂದ ಬಂದ ಗಂಡಸರ ತಂಡಗಳು ಎಕರೆ ಲೆಕ್ಕದ ಗುತ್ತಿಗೆ ಹಿಡಿದು ದಿನವಿಡೀ ಬಾಗಿ ನಾಟಿ ಮಾಡುತ್ತಿವೆ. ಸೊಂಟ ಬದಲಾಗಿಲ್ಲ. ಅಡುಗೆಯ ಮಾತೂ ಅಷ್ಟೇ. ಮನೆಯ ಒಲೆ ಹೆಣ್ಣಿನ ಹುಟ್ಟುಗುಣ ಎನ್ನುವವರು ಗವಿಮಠದ ಮಹಾದಾಸೋಹದಲ್ಲಿ ದೊಡ್ಡ ಕೊಪ್ಪರಿಗೆಗಳ ಮುಂದೆ ನಿಂತ ಗಂಡಸರ ಸಾಲನ್ನು ನೋಡಿರುತ್ತಾರೆ, ಮದುವೆ ಅಡುಗೆಗೆ ಕರೆಯುವುದು ಯಾರನ್ನು ಎಂಬುದೂ ಗೊತ್ತಿರುತ್ತದೆ.

ಇನ್ನೊಂದು ಜಿಗಿತವೂ ಇಲ್ಲಿದೆ. ಹುಡುಗಿಯರಿಗೆ ಗೊಂಬೆಯತ್ತ ಸ್ವಲ್ಪ ಹೆಚ್ಚು ಒಲವು ಹುಟ್ಟಿನಿಂದಲೇ ಇದೆ ಎಂದು ಪೂರ್ತಿ ಒಪ್ಪಿಬಿಡೋಣ. ಅದರಿಂದ "ಆದ್ದರಿಂದ ಅವಳಿಗೆ ಪಿಯುಸಿ ಸೈನ್ಸ್ ಯಾಕೆ, ಐಟಿಐ ಯಾಕೆ" ಎಂಬುದು ಹೇಗೆ ಬರುತ್ತದೆ? "ಹೀಗಿದೆ" ಎಂಬುದರಿಂದ "ಹೀಗೇ ಇರಬೇಕು" ಎಂಬುದು ತಾನಾಗಿ ಹುಟ್ಟುವುದಿಲ್ಲ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಪುರುಷರ ಸಾಕ್ಷರತೆ ಶೇ 78ರ ಆಸುಪಾಸು, ಮಹಿಳೆಯರದ್ದು ಶೇ 57ರ ಆಸುಪಾಸು. ಈ 20 ಚಿಲ್ಲರೆ ಅಂತರವನ್ನು ಹಾರ್ಮೋನಿನ ಲೆಕ್ಕಕ್ಕೆ ಬರೆಯುವ ಧೈರ್ಯ ಯಾರಿಗೂ ಇರಲಾರದು.

ಹಾಗಾದರೆ ಅಂಗಡಿಯಲ್ಲಿ ಏನು ಮಾಡೋದು?

ಮಗಳು ಗುಲಾಬಿ ಅಡುಗೆ ಸೆಟ್ಟೇ ಬೇಕು ಎಂದರೆ? ಕೊಡಿಸಿ. ಗುಲಾಬಿ ಹುಟ್ಟುಗುಣವಲ್ಲ ಎಂದು ತಿಳಿದಮೇಲೆ ಅದನ್ನು ಕಸಿದುಕೊಳ್ಳಬೇಕು ಎಂದೇನೂ ಆಗುವುದಿಲ್ಲ, ಅದೂ ಒಂದು ಜಿಗಿತವೇ. ಅವಳು ಜೆಸಿಬಿ ಕೇಳಿದರೆ ಅದನ್ನೂ ಕೊಡಿಸಿ. ಮಗ ಗೊಂಬೆ ಮಲಗಿಸಿ ಜೋಗುಳ ಹಾಡಿದರೆ ಅವನಿಗೆ ಏನೂ ಆಗುವುದಿಲ್ಲ, ಮುಂದೆ ಅವನ ಮಗುವಿಗೆ ಒಳ್ಳೆಯದಾದೀತು.

ಮಗುವಿನ ಇಷ್ಟ ಬಣ್ಣಕ್ಕೋ ಆಟಿಕೆಗೋ ಎಂದು ತಿಳಿಯುವ ಕುತೂಹಲ ಇದ್ದರೆ ಮನೆಯಲ್ಲೇ ಒಂದು ಆಟ ಆಡಬಹುದು. ಒಂದೇ ಥರದ ಎರಡು ಕಾರು, ಒಂದು ಗುಲಾಬಿ, ಒಂದು ನೀಲಿ. ಒಂದೇ ಥರದ ಎರಡು ಗೊಂಬೆ, ಹಾಗೆಯೇ. ನಾಲ್ಕನ್ನೂ ಚಾಪೆಯ ಮೇಲಿಟ್ಟು ಏನೂ ಹೇಳದೆ ದೂರ ಕೂತು ನೋಡಿ. ಒಂದು ದಿನದ ಆಟದಿಂದ ತೀರ್ಮಾನ ಬೇಡ, ನಾಲ್ಕೈದು ದಿನ ಬಿಟ್ಟುಬಿಟ್ಟು ನೋಡಿ. ಅಜ್ಜ ಅಜ್ಜಿ ಪಕ್ಕದಲ್ಲಿದ್ದರೆ ಅವರಿಗೂ ಬಾಯಿ ಮುಚ್ಚಿರಲು ಹೇಳಿ. ಪ್ರಯೋಗದ ಕಷ್ಟದ ಭಾಗ ಅದೇ!

ಅಂಗಡಿಯಲ್ಲಿ ನಿಜವಾಗಿ ಕಣ್ಣಿಟ್ಟು ನೋಡಬೇಕಾದದ್ದು ಬೇರೆ ಇದೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆಯ ಅಗ್ಗದ ಪ್ಲಾಸ್ಟಿಕ್ಕಿನ ಮೇಲೆ ಅದು ಇದೆಯೇ ಎಂದು ತಿರುಗಿಸಿ ನೋಡಿ. ನೋಂದಾಯಿತ ಕುಶಲಕರ್ಮಿಗಳು ಮತ್ತು ಭೌಗೋಳಿಕ ಸೂಚಕ ಪಡೆದ ಆಟಿಕೆಗಳ ಅಧಿಕೃತ ತಯಾರಕರಿಗೆ ಇದರಿಂದ ವಿನಾಯಿತಿ ಇದೆ. ಹಾಗಾಗಿ ಕಿನ್ನಾಳದ ಗೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿಯಾಗಬೇಡಿ. ಮೂರು ವರ್ಷದೊಳಗಿನ ಮಗುವಿಗಾದರೆ ಬಾಯಿಗೆ ಹೋಗುವಷ್ಟು ಸಣ್ಣ ಗಾಲಿ, ಗುಂಡಿ, ಬ್ಯಾಟರಿ ಕಳಚಿಕೊಳ್ಳುತ್ತವೆಯೇ ಎಂದು ಎಳೆದು ನೋಡಿಯೇ ದುಡ್ಡು ಕೊಡಿ.